ಮನೆಯೊಳಗಿನ ಹಿಂಸೆಯ ಕರೆ: ಪೊಲೀಸರಿಗೆ ಎರಡು ದಿನದಲ್ಲಿ ಏನು ಕಲಿಸಬೇಕು, ಏನು ಬಿಡಬೇಕು?

ತರಬೇತಿಕೊಠಡಿ:
ಕೌಟುಂಬಿಕ ಹಿಂಸೆಯ ಕರೆಗಳಿಗೆ ಹೋಗುವ ಸಿಬ್ಬಂದಿಗೆ ಎರಡು ದಿನದ, ಅಂದರೆ 16 ಗಂಟೆಯ ತರಬೇತಿ ಹೊಸದಾಗಿ ಹೆಣೆಯಬೇಕಿದೆ. ಕೈಯಲ್ಲಿರುವ ಪಠ್ಯದಲ್ಲಿ 11 ಗಂಟೆ ಬರೀ ಕಾನೂನಿನ ಕಲಮುಗಳು, 3 ಗಂಟೆ ಅತಿಥಿ ಭಾಷಣ, ಮಿಕ್ಕ 2 ಗಂಟೆ ಪ್ರಶ್ನೋತ್ತರ. ಬಾಗಿಲು ತಟ್ಟಿದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ಒಂದು ನಿಮಿಷವೂ ಇಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗ್ತಾರೆ. ಆಮೇಲೆ ಅವರೇ ಬರೆದ ವರದಿ ತೆಗೆದು ನೋಡಿದರೆ ಸಿಗೋದು ಒಂದೇ ಸಾಲು: ‘ಗಂಡ ಹೆಂಡಿರ ಜಗಳ, ಬುದ್ಧಿ ಹೇಳಿ ಬರಲಾಯಿತು.’

ಯಾವುದಕ್ಕೆ ಎಷ್ಟು ಗಂಟೆ ಕೊಡಬೇಕು, ಯಾವುದನ್ನ ಕೈಬಿಟ್ಟರೆ ನಷ್ಟವಿಲ್ಲ? ಕಾನೂನು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಕಲಮುಗಳ ಚರ್ಚೆ ಬೇಡ. ಬಾಗಿಲ ಹತ್ತಿರದ ಕೆಲಸದ ಬಗ್ಗೆ ಹೇಳಿ.

ರಾತ್ರಿಪಾಳಿ:
ಮೊದಲ ಹತ್ತು ನಿಮಿಷಕ್ಕೇ ಮೂರು ಗಂಟೆ ಕೊಡಿ. ಕೆಡೋದೆಲ್ಲ ಅಲ್ಲೇ ಕೆಡುತ್ತೆ.

ಗಾಡಿ ಮನೆ ಮುಂದೆ ನಿಲ್ಲಿಸಬಾರದು. ಎರಡು ಮನೆ ಆಚೆ ನಿಲ್ಲಿಸಿ ನಡೆದು ಹೋಗಬೇಕು, ಸೈರನ್ ಅಷ್ಟರಲ್ಲಿ ಆಫ್ ಆಗಿರಬೇಕು. ತಟ್ಟೋಕೆ ಮುಂಚೆ ಬಾಗಿಲ ಪಕ್ಕಕ್ಕೆ ನಿಂತು (ಎದುರಿಗಲ್ಲ) ಅರ್ಧ ನಿಮಿಷ ಕಿವಿಗೊಡಬೇಕು. ಒಳಗಿನ ಬೈಗುಳ, ಬೆದರಿಕೆ, ಅಳು ಏನೇ ಕೇಳಿಸಲಿ, ಅದು ಸಾಕ್ಷ್ಯ. ಯಾರಾದರೂ ‘ಕಾಪಾಡಿ’ ಅಂತ ಕೂಗ್ತಿದ್ರೆ ಮಾತ್ರ ಆ ಅರ್ಧ ನಿಮಿಷ ಇಲ್ಲ.

ಬಾಗಿಲು ತೆಗೆದವರು ‘ಏನಿಲ್ಲ, ಟಿವಿ ಸದ್ದು’ ಅಂದ ಮಾತ್ರಕ್ಕೆ ತಿರುಗಿ ಬರೋ ಹಾಗಿಲ್ಲ. ಮನೆಯಲ್ಲಿ ಇರೋರನ್ನೆಲ್ಲ ಕಣ್ಣಾರೆ ನೋಡಬೇಕು, ಮಲಗಿರೋ ಮಗುವನ್ನೂ ಸೇರಿಸಿ. ಅಡುಗೆಮನೆಯಲ್ಲಿ ನಿಂತು ಮಾತು ಬೇಡವೇ ಬೇಡ, ಕೈಗೆ ಸಿಗೋದೆಲ್ಲ ಅಲ್ಲಿ ಆಯುಧ.

ಇಬ್ಬರನ್ನೂ ಬೇರೆ ಮಾಡೋದು ಹೇಗೆ ಅನ್ನೋದನ್ನ ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ, ನಿಂತು ತೋರಿಸಬೇಕು. ಜಗಳವಾಡಿದ ಇಬ್ಬರು ಒಬ್ಬರಿಗೊಬ್ಬರು ಕಾಣಬಾರದು, ಮಾತೂ ಕೇಳಿಸಬಾರದು. ಆದರೆ ಹೋಗಿರೋ ಪೊಲೀಸರಿಬ್ಬರು ಮಾತ್ರ ಒಬ್ಬರಿಗೊಬ್ಬರು ಕಾಣ್ತಾ ಇರಬೇಕು. ಇದಕ್ಕೆ ಬಾಗಿಲ ಚೌಕಟ್ಟು ಬಳಸಿಕೊಳ್ಳಬೇಕು: ಪೊಲೀಸರು ಒಬ್ಬೊಬ್ಬರು ಒಂದೊಂದು ಕೋಣೆಯ ಬಾಗಿಲಲ್ಲಿ, ಜಗಳವಾಡಿದವರು ಕೋಣೆಯ ಒಳಮೂಲೆಯಲ್ಲಿ. ಜಾಗ ಇಕ್ಕಟ್ಟಾಗಿ ಕೋಣೆ ಒಂದೇ ಇದ್ದರೆ ಪೆಟ್ಟು ತಿಂದವರ ಬೆನ್ನು ಇನ್ನೊಬ್ಬರ ಕಡೆಗಿರಲಿ. ಕಣ್ಣಲ್ಲೇ ಬೆದರಿಸೋದು ಅಷ್ಟರಿಂದಲೇ ತಪ್ಪುತ್ತೆ.

ಹೊಸಬ_22:
ಒಬ್ಬರೇ ಹೋಗಿದ್ದರೆ?

ರಾತ್ರಿಪಾಳಿ:
ಜೊತೆಯವರು ಬರೋ ತನಕ ಹೊರಗೆ ಕಾಯಬೇಕು, ಕೇಳಿಸಿದ್ದನ್ನ ಕಂಟ್ರೋಲ್ ರೂಮ್‌ಗೆ ಹೇಳ್ತಾ ಇರಬೇಕು. ಜೀವ ಹೋಗೋ ಸದ್ದು ಬಂದರೆ ಒಳಗೆ ಹೋಗಲೇಬೇಕು.

ಕಂಟ್ರೋಲ್‌ರೂಮ್:
ಕೆಲಸ ಶುರುವಾಗೋದು ಬಾಗಿಲಲ್ಲಿ ಅಲ್ಲ, ಫೋನಿನಲ್ಲಿ. ಕರೆ ತೆಗೆದುಕೊಳ್ಳೋರಿಗೆ ಈ ತರಬೇತಿಯಲ್ಲಿ ಜಾಗ ಇಲ್ಲ ಅಂದರೆ ನಿಮ್ಮ ಸಿಬ್ಬಂದಿ ಕಣ್ಣು ಕಟ್ಟಿಕೊಂಡು ಹೋದ ಹಾಗೆ. ಹೊಡೆದವರು ಈಗಲೂ ಅಲ್ಲೇ ಇದ್ದಾರಾ, ಕೈಯಲ್ಲಿ ಏನಾದರೂ ಇದೆಯಾ, ಕುಡಿದಿದ್ದಾರಾ, ಮಕ್ಕಳೆಷ್ಟು, ಹಿಂದೆ ಈ ವಿಳಾಸದಿಂದ ಕರೆ ಬಂದಿತ್ತಾ, ಹತ್ತಿರ ಬರಬಾರದು ಅಂತ ಕೋರ್ಟ್ ಆದೇಶ ಇದೆಯಾ. ಇಷ್ಟೂ ದಾರಿಯಲ್ಲೇ ಅವರ ಕಿವಿಗೆ ಬೀಳಬೇಕು.

ಕರೆ ಮಾಡಿದವರು ಬಾಯಿ ಬಿಡೋಕಾಗದ ಸ್ಥಿತಿಯಲ್ಲಿದ್ದರೆ ‘ಹೌದು, ಇಲ್ಲ’ ಅಂತ ಉತ್ತರ ಬರೋ ಪ್ರಶ್ನೆಗಳನ್ನೇ ಕೇಳಬೇಕು. ‘ಪಕ್ಕದಲ್ಲೇ ಇದ್ದಾರಾ? ಹೌದಾದರೆ ಫೋನ್ ಮೇಲೆ ಒಂದು ಸಲ ಬೆರಳಲ್ಲಿ ತಟ್ಟಿ.’ ಲೈನ್ ಕಟ್ ಆಯ್ತು ಅಂತ ತಕ್ಷಣ ತಿರುಗಿ ಫೋನ್ ಮಾಡೋದು ಅಪಾಯ, ಆ ರಿಂಗ್ ಯಾರ ಕೈಗೆ ಹೋಗುತ್ತೋ ಗೊತ್ತಿಲ್ಲ. ಮತ್ತೊಂದು ಮಾತು, ರೆಕಾರ್ಡಿಂಗ್‌ಗಳನ್ನ ಒಂದು ಅವಧಿ ಆದಮೇಲೆ ಅಳಿಸಿಬಿಡ್ತಾರೆ. ತನಿಖೆಯವರು ಮೊದಲ ದಿನವೇ ಬರೆದು ಕೇಳದಿದ್ದರೆ ಆ ಅಳು, ಹಿಂದಿನಿಂದ ಕೇಳಿಸಿದ ಬೆದರಿಕೆ, ಎಲ್ಲ ಹೋಯ್ತು.

ಹಳೇಟೋಪಿ:
ಎಲ್ಲರೂ ಸಾಕ್ಷ್ಯ, ರೆಕಾರ್ಡಿಂಗ್ ಅಂತಲೇ ಮಾತಾಡ್ತಿದ್ದೀರಿ. ಮನೆ ಅಂದಮೇಲೆ ಜಗಳ ಇರುತ್ತೆ. ಇಬ್ಬರನ್ನೂ ಕೂರಿಸಿ, ಸಮಾಧಾನ ಮಾಡಿ, ರಾಜಿ ಮಾಡಿಸಿದರೆ ಮನೆ ಉಳಿಯುತ್ತೆ. ತರಬೇತಿಯಲ್ಲಿ ಕಲಿಸಬೇಕಾದ್ದು ಅದು. ಎಲ್ಲದಕ್ಕೂ ಹಿಡಿದು ಒಳಗೆ ಹಾಕೋದಲ್ಲ.

ಅಂಕಿಅಂಶ:
@ಹಳೇಟೋಪಿ ಸರ್, ನೀವು ಹೇಳಿದ್ದನ್ನ ಜಗತ್ತು ಆಗಲೇ ಮಾಡಿ ನೋಡಿದೆ. 1967ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಮಾರ್ಟನ್ ಬಾರ್ಡ್ 18 ಜನ ಪೊಲೀಸರಿಗೆ ಸಂಸಾರದ ಜಗಳದಲ್ಲಿ ಮಧ್ಯಸ್ಥಿಕೆ ಮಾಡೋ ತರಬೇತಿ ಕೊಟ್ಟರು. 70ರ ದಶಕದುದ್ದಕ್ಕೂ ಅಮೆರಿಕದ ಬಹಳಷ್ಟು ಠಾಣೆಗಳು ಅದೇ ದಾರಿ ಹಿಡಿದವು. ತೊಡಕು ಎಲ್ಲಿ ಅಂದರೆ, ರಾಜಿ ನಡೆಯೋದು ಸರಿಸಮಾನರ ನಡುವೆ. ಒಬ್ಬರಿಗೆ ಇನ್ನೊಬ್ಬರನ್ನ ಕಂಡರೆ ಜೀವಭಯ ಇದ್ದರೆ ರಾಜಿ ಅಂದರೆ ಹೆದರಿದವರು ‘ಆಯ್ತು’ ಅನ್ನೋದು ಅಷ್ಟೇ.

ಆಮೇಲೆ 1981-82ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಲಾರೆನ್ಸ್ ಶೆರ್ಮನ್, ರಿಚರ್ಡ್ ಬರ್ಕ್ ಒಂದು ಪ್ರಯೋಗ ಮಾಡಿದರು. ಪೊಲೀಸರ ಕೈಗೆ ಮೂರು ಬಣ್ಣದ ವರದಿ ಹಾಳೆಗಳ ಪ್ಯಾಡ್. ಮೇಲೆ ಯಾವ ಬಣ್ಣ ಬಂತೋ ಅದರಂತೆ ನಡೆಯಬೇಕು: ಬಂಧಿಸು, ಇಲ್ಲವೇ 8 ಗಂಟೆ ಮನೆಯಿಂದ ಹೊರಗೆ ಕಳಿಸು, ಇಲ್ಲವೇ ಬುದ್ಧಿ ಹೇಳು. ಒಟ್ಟು 314 ಪ್ರಕರಣ. ಆರು ತಿಂಗಳಲ್ಲಿ ಪೊಲೀಸ್ ದಾಖಲೆಗೆ ಮತ್ತೆ ಬಂದವರು ಬಂಧನದ ಗುಂಪಿನಲ್ಲಿ ಶೇ. 10, ಬುದ್ಧಿ ಹೇಳಿದ ಗುಂಪಿನಲ್ಲಿ ಶೇ. 19, ಹೊರಗೆ ಕಳಿಸಿದ ಗುಂಪಿನಲ್ಲಿ ಶೇ. 24. ಇದು 1984ರಲ್ಲಿ ಪ್ರಕಟವಾದದ್ದೇ ತಡ, ಕಡ್ಡಾಯ ಬಂಧನದ ಕಾನೂನುಗಳು ಸಾಲುಸಾಲಾಗಿ ಬಂದವು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ. ಒಮಾಹಾ, ಷಾರ್ಲಟ್, ಮಿಲ್ವಾಕಿ, ಕೊಲೊರಾಡೊ ಸ್ಪ್ರಿಂಗ್ಸ್, ಮಯಾಮಿಗಳಲ್ಲಿ ಅದೇ ಪ್ರಯೋಗವನ್ನ ಮತ್ತೆ ಮಾಡಿದಾಗ ಫಲ ಒಂದೇ ಥರ ಬರಲಿಲ್ಲ. ಮಿಲ್ವಾಕಿಯಲ್ಲಿ ಕೆಲಸ ಇದ್ದವರ ಮೇಲೆ ಬಂಧನ ಪರಿಣಾಮ ಬೀರಿತು, ಕೆಲಸ ಇಲ್ಲದವರಲ್ಲಿ ಹಿಂಸೆ ಹೆಚ್ಚಾಯ್ತು.

ಹಳೇಟೋಪಿ:
ಹಾಗಾದರೆ ಬಂಧನವೂ ಮದ್ದಲ್ಲ ಅಂತ ನೀವೇ ಒಪ್ಪಿಕೊಂಡಂತಾಯ್ತು.

ಅಂಕಿಅಂಶ:
ಬಂಧನ ಒಂದೇ ಮದ್ದಲ್ಲ ಅಂತ ಒಪ್ತೀನಿ. ಬಂಧನ ಆದ ರಾತ್ರಿಯಿಂದ ಬಿಡುಗಡೆ ಆಗೋ ಹೊತ್ತಿನೊಳಗೆ ಪೆಟ್ಟು ತಿಂದವರಿಗೆ ಏನು ವ್ಯವಸ್ಥೆ ಮಾಡಿದಿರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಬಿಡುಗಡೆ ಯಾವಾಗ ಅಂತ ಅವರಿಗೆ ಮೊದಲೇ ಫೋನ್ ಮಾಡಿ ತಿಳಿಸೋದು ಕೂಡ ತರಬೇತಿಯಲ್ಲಿ ಇರಬೇಕಾದ ಪಾಠ. ಬಹಳ ಕಡೆ ಅದು ಯಾರ ಕೆಲಸ ಅಂತಲೇ ಬರೆದಿರಲ್ಲ, ಹಾಗಾಗಿ ಯಾರೂ ಮಾಡಲ್ಲ.

ಕಾನೂನುಕೋಣೆ:
ರಾಜಿ ಮಾಡಿಸಿ ಸುಮ್ಮನಿದ್ದರೆ ಇಲಾಖೆಯೂ ತಲೆ ಕೊಡಬೇಕಾಗುತ್ತೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟೊರಿಂಗ್ಟನ್ ನಗರದ ವಿರುದ್ಧದ ಕೇಸು ನೋಡಿ. ಹೆಂಗಸೊಬ್ಬಳು ಮತ್ತೆ ಮತ್ತೆ ದೂರು ಕೊಟ್ಟರೂ ಗಂಡ ಅನ್ನೋ ಕಾರಣಕ್ಕೆ ಪೊಲೀಸರು ಕೈಕಟ್ಟಿ ನಿಂತರು. ಕೊನೆಗೆ ಅವನು ಚಾಕುವಿನಿಂದ ಇರಿದ, ಆಕೆಯ ದೇಹದ ಒಂದು ಭಾಗ ಸ್ವಾಧೀನ ಕಳೆದುಕೊಂಡಿತು. 1985ರಲ್ಲಿ ಜ್ಯೂರಿ ಕೊಟ್ಟ ಪರಿಹಾರ 23 ಲಕ್ಷ ಡಾಲರ್. ಮರುವರ್ಷ ಕನೆಕ್ಟಿಕಟ್ ರಾಜ್ಯ ಕಾನೂನನ್ನೇ ಬದಲಾಯಿಸಿತು.

ಆದರೆ ಕಡ್ಡಾಯ ಬಂಧನ ಇನ್ನೊಂದು ತಪ್ಪನ್ನ ಹುಟ್ಟುಹಾಕಿತು. ಇಬ್ಬರ ಮೈಮೇಲೂ ಗಾಯ ಕಂಡರೆ ಇಬ್ಬರನ್ನೂ ಎತ್ತಿಹಾಕಿಕೊಂಡು ಬರೋದು! ಹಾಗಾಗಿ ‘ಮುಖ್ಯ ಆಕ್ರಮಣಕಾರ ಯಾರು’ ಅಂತ ಗುರುತಿಸೋದನ್ನ ಪ್ರತ್ಯೇಕವಾಗಿ ಕಲಿಸಬೇಕು. ಮೊದಲು ಹೊಡೆದವರು ಯಾರು ಅನ್ನೋದಲ್ಲ ಪ್ರಶ್ನೆ. ಯಾರಿಗೆ ಯಾರ ಭಯ, ಹಿಂದೆ ಏನೇನಾಗಿದೆ, ಯಾರ ಗಾಯ ತಪ್ಪಿಸಿಕೊಳ್ಳುವಾಗ ಆದದ್ದು, ಮುಂದೆ ಅಪಾಯ ಯಾರಿಗೆ. ಮುಂಗೈಯ ಹೊರಬದಿಯಲ್ಲಿ ಬಾಸುಂಡೆ ಇದ್ದರೆ ಪೆಟ್ಟು ತಡೆಯೋಕೆ ಕೈ ಅಡ್ಡ ಹಿಡಿದದ್ದು. ತೋಳಿನ ಒಳಬದಿಯಲ್ಲಿ ಕಚ್ಚಿದ ಗುರುತು ಇದ್ದರೆ, ಆ ತೋಳು ಯಾರದೋ ಬಾಯಿ ಅಥವಾ ಕತ್ತಿನ ಸುತ್ತ ಇತ್ತು ಅಂತ ಅರ್ಥ.

ವಿಧಿವಿಜ್ಞಾನ_ಓದುಗ:
ಮೇಲಿನ ಮಾತು ನೇರ ಕತ್ತಿನ ವಿಷಯಕ್ಕೆ ಬರುತ್ತೆ. @ತರಬೇತಿಕೊಠಡಿ, ಬೇರೆಲ್ಲ ಮೊಟಕು ಮಾಡಿದರೂ ಇದನ್ನ ಮೊಟಕು ಮಾಡಬೇಡಿ.

ಕತ್ತು ಹಿಸುಕುವಾಗ ಮುಚ್ಚಿಹೋಗೋದು ಉಸಿರ ಕೊಳವೆಗಿಂತ ಮೊದಲು ರಕ್ತನಾಳ. ಅದಕ್ಕೆ ಹೆಚ್ಚು ಬಲ ಬೇಡ, ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇಂಥ 300 ಪ್ರಕರಣಗಳನ್ನ ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನರ ಕತ್ತಿನ ಮೇಲೆ ಕಣ್ಣಿಗೆ ಕಾಣೋ ಗುರುತೇ ಇರಲಿಲ್ಲ. ಇನ್ನು ಶೇ. 35ರಷ್ಟು ಜನರಲ್ಲಿ ಇದ್ದ ಗುರುತು ಫೋಟೋದಲ್ಲಿ ಮೂಡದಷ್ಟು ತೆಳು. 2008ರ ಇನ್ನೊಂದು ಅಧ್ಯಯನದ ಪ್ರಕಾರ, ಹಿಂದೊಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡ ಹೆಂಗಸರು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಪೆಟ್ಟು ತಿಂದವರು ‘ಕತ್ತು ಹಿಸುಕಿದ’ ಅನ್ನಲ್ಲ, ‘ಕತ್ತು ಹಿಡಿದು ದಬ್ಬಿದ’ ಅಂತಾರೆ. ಬರೆದುಕೊಳ್ಳೋರು ಅದನ್ನ ‘ತಳ್ಳಾಟ’ ಅಂತ ಬರೀತಾರೆ. ಅಲ್ಲಿಗೆ ಕೊಲೆಯ ಅಂಚಿಗೆ ಹೋಗಿ ಬಂದದ್ದು ಕಾಗದದ ಮೇಲೆ ತಳ್ಳಾಟ ಆಗಿ ಉಳಿಯುತ್ತೆ.

ಅದಕ್ಕೆ ‘ಕತ್ತು’ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಿಂತು ಕೇಳಬೇಕು. ಒಂದು ಕೈಯಾ, ಎರಡಾ, ಮೊಣಕೈ ಮಡಚಿಯಾ, ಬಟ್ಟೆಯಿಂದಲಾ? ಹಿಂದಿನಿಂದಲಾ, ಮುಂದಿನಿಂದಲಾ? ಉಸಿರು ಹೇಗಿತ್ತು? ಕಣ್ಣು ಕತ್ತಲೆ ಬಂತಾ? ಬಟ್ಟೆಯಲ್ಲೇ ಮೂತ್ರ ಹೋಯ್ತಾ? (ಇದನ್ನ ಯಾರೂ ತಾವಾಗಿ ಹೇಳಲ್ಲ, ಮೆಲ್ಲಗೆ ಕೇಳಬೇಕು.) ಈಗ ನುಂಗಿದರೆ ನೋವಿದೆಯಾ? ಆ ಹೊತ್ತಲ್ಲಿ ಹಿಸುಕಿದವರ ಬಾಯಿಂದ ಬಂದ ಮಾತೇನು? ಅಷ್ಟರಲ್ಲಿ ಧ್ವನಿ ಗೊಗ್ಗರಾಗಿದೆಯೇನೋ ನೀವೇ ಕೇಳಿಸಿಕೊಳ್ಳಬೇಕು. ಕಣ್ಣಿನ ಬಿಳಿಭಾಗ, ರೆಪ್ಪೆಯ ಒಳಬದಿ, ಕಿವಿಯ ಹಿಂದೆ, ಬಾಯೊಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಇದೆಯಾ ಟಾರ್ಚ್ ಹಾಕಿ ನೋಡಬೇಕು. ಕಪ್ಪು ಮೈಬಣ್ಣದವರಲ್ಲಿ ಚರ್ಮದ ಮೇಲೆ ಕಾಣದ್ದು ಈ ಜಾಗಗಳಲ್ಲಿ ಕಾಣಬಹುದು.

ಕತ್ತಿನ ಮೇಲೆ ಉಗುರಿನ ಗೀರು ಇದ್ದರೆ ಅದು ಹೆಚ್ಚಾಗಿ ಅವರದೇ ಉಗುರು, ಹಿಡಿತ ಬಿಡಿಸಿಕೊಳ್ಳೋಕೆ ಒದ್ದಾಡಿದ್ದು. ಎಷ್ಟೋ ಸಲ ಹಿಸುಕಿದವನ ಮುಖದಲ್ಲಿ, ಮುಂಗೈಯಲ್ಲಿ ರಕ್ತ ಒಸರೋ ಗೀರು ಇರುತ್ತೆ, ಹಿಸುಕಿಸಿಕೊಂಡವರ ಮೈಮೇಲೆ ಏನೂ ಕಾಣದೆಯೂ ಇರಬಹುದು. ರಕ್ತ ಕಂಡ ಕಡೆಗೆ ವಾಲಿದರೆ ನೀವು ಬಂಧಿಸೋದು ತಪ್ಪು ಜನರನ್ನ.

ಗುರುತು ಇಲ್ಲದಿದ್ದರೂ ಆಸ್ಪತ್ರೆಗೆ ಕಳಿಸಲೇಬೇಕು. ರಕ್ತನಾಳದ ಒಳಪದರ ಹರಿದಿದ್ದರೆ ಗಂಟೆಗಳೋ ದಿನಗಳೋ ಕಳೆದು ಲಕ್ವ ಹೊಡೆಯಬಹುದು.

ಹೊಸಬ_22:
ಬಾಸುಂಡೆಯ ಬಣ್ಣ ನೋಡಿ ಎಷ್ಟು ದಿನದ್ದು ಅಂತ ಹೇಳಬಹುದು ಅಂತಾರಲ್ಲ, ಕೆಂಪು ಅಂದರೆ ಇವತ್ತಿನದು, ಹಳದಿ ಅಂದರೆ ವಾರದ್ದು ಅಂತ?

ವಿಧಿವಿಜ್ಞಾನ_ಓದುಗ:
ಅದನ್ನ ನಂಬಿ ವರದಿಯಲ್ಲಿ ಬರೀಬೇಡಿ. ಒಬ್ಬರ ಮೈಯಲ್ಲೇ ಒಂದೇ ದಿನದ ಎರಡು ಕಲೆ ಎರಡು ಬಣ್ಣ ತಿರುಗುತ್ತವೆ. ಬಣ್ಣ, ಆಕಾರ, ಅಳತೆ, ಜಾಗ ಇಷ್ಟು ಬರೆದು ಸುಮ್ಮನಾಗಿ. ಫೋಟೋ ಮೂರು ಥರ ಬೇಕು: ಮುಖ ಸಮೇತ ಇಡೀ ಮೈ ಕಾಣೋ ಹಾಗೆ ದೂರದಿಂದ, ಗಾಯ ಮೈಯ ಯಾವ ಭಾಗದ್ದು ಅಂತ ತಿಳಿಯೋ ಹಾಗೆ ಮಧ್ಯದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ. ಒಂದೆರಡು ದಿನ ಬಿಟ್ಟು ಮತ್ತೆ ತೆಗೆಯಬೇಕು, ಮೊದಲ ರಾತ್ರಿ ಕಾಣದ ಬಾಸುಂಡೆ ಆಗ ಮೇಲೆ ಬಂದಿರುತ್ತೆ. ಈ ಎರಡನೇ ಫೋಟೋ ಇಲ್ಲದ ಕಡತಗಳೇ ಹೆಚ್ಚು.

ಸಾಂತ್ವನದನಿ:
ಪ್ರಶ್ನೆ ಕೇಳೋ ರೀತಿಯನ್ನೂ ಅಭ್ಯಾಸ ಮಾಡಿಸಿ. ‘ಯಾಕೆ ಬಿಟ್ಟು ಹೋಗಲಿಲ್ಲ?’, ‘ನೀವೇನು ಅಂದಿರಿ, ಅವರು ಹೊಡೆಯೋಕೆ?’ ಇವೆರಡು ಬಾಯಿಗೆ ಬರಲೇಬಾರದು. ‘ಯಾಕೆ’ ಅಂದ ತಕ್ಷಣ ಎದುರಿಗಿರೋರು ಆರೋಪಿ ಜಾಗದಲ್ಲಿ ನಿಂತುಬಿಡ್ತಾರೆ. ಹೆದರಿದವರ ನೆನಪು ಸಾಲಾಗಿ ಬರಲ್ಲ, ಮಧ್ಯದ್ದು ಮೊದಲು ಬರುತ್ತೆ, ಮೊದಲಿನದ್ದು ಮಾರನೇ ದಿನ ಬರುತ್ತೆ. ಅದು ಸುಳ್ಳು ಅಂತಲ್ಲ. ‘ನೆನಪಿರೋ ಕಡೆಯಿಂದ ಹೇಳಿ’ ಅಂದು ಬಿಟ್ಟುಬಿಡಿ.

ಇನ್ನೊಂದು, ‘ಅವರ ಮೇಲೆ ಕೇಸ್ ಹಾಕಲಾ?’ ಅಂತ ಹೊಡೆದವರ ಎದುರಿಗೇ ಕೇಳೋದು. ಪೆಟ್ಟು ತಿಂದವರು ಬೇಡ ಅಂದೇ ಅಂತಾರೆ. ಬಂದದ್ದು ಬರೆದಾಯ್ತು ಅಂತ ಪೊಲೀಸರು ಹೊರಡ್ತಾರೆ. ಆಮೇಲಿನ ಪೆಟ್ಟು ಪೊಲೀಸರನ್ನ ಕರೆದದ್ದಕ್ಕೆ.

ಮಕ್ಕಳನ್ನ ದುಭಾಷಿ ಮಾಡಬೇಡಿ, ಆ ಮನೆಯ ಬೇರೆ ಯಾರನ್ನೂ ಮಾಡಬೇಡಿ. ಕರಪತ್ರ ಕೈಗಿಟ್ಟು ಬರೋ ಮುಂಚೆ ‘ಇದು ಇನ್ನೊಬ್ಬರ ಕೈಗೆ ಸಿಕ್ಕರೆ ತೊಂದರೆಯಾ?’ ಅಂತ ಕೇಳಿ. ಫೋನನ್ನ ಹೊಡೆದವರು ತೆಗೆದು ನೋಡ್ತಾರಾ ಅಂತಲೂ ಕೇಳಿ, ನೋಡ್ತಾರೆ ಅಂದರೆ ಮೆಸೇಜ್ ಕಳಿಸಬಾರದು.

ಅಪಾಯದ ಅಂದಾಜಿಗೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2005ರಲ್ಲಿ ಶುರುವಾದ 11 ಪ್ರಶ್ನೆಗಳ ಪಟ್ಟಿ ನೋಡಿ. ಮೊದಲ ಮೂರು ಹೀಗಿವೆ: ಆಯುಧ ಬಳಸಿದ್ದು ಅಥವಾ ತೋರಿಸಿ ಬೆದರಿಸಿದ್ದು ಉಂಟಾ? ನಿಮ್ಮನ್ನ ಇಲ್ಲವೇ ಮಕ್ಕಳನ್ನ ಕೊಲ್ತೀನಿ ಅಂದದ್ದುಂಟಾ? ಕೊಲ್ಲೋಕೆ ಹೋಗಬಹುದು ಅಂತ ನಿಮಗೆ ಅನಿಸುತ್ತಾ? ಇದರಲ್ಲಿ ಒಂದಕ್ಕೆ ಹೌದು ಬಂದರೂ ಸಾಕು, ಜೀವಕ್ಕೆ ಅಪಾಯ ಹೆಚ್ಚು ಅಂತ ಲೆಕ್ಕ. ಮೂರಕ್ಕೂ ಇಲ್ಲ ಅಂದರೆ ಉಳಿದ ಎಂಟರಲ್ಲಿ ನಾಲ್ಕು ಹೌದು ಬರಬೇಕು: ಬಂದೂಕು, ಕತ್ತು ಹಿಸುಕಿದ್ದು, ಅತಿ ಅನುಮಾನ, ಬೇರೆಯಾದದ್ದು, ಕೆಲಸ ಇಲ್ಲದಿರೋದು, ಆತ್ಮಹತ್ಯೆಗೆ ಪ್ರಯತ್ನಿಸಿದ್ದು, ತನ್ನದಲ್ಲ ಅಂತ ಹೊಡೆದವರಿಗೆ ಗೊತ್ತಿರೋ ಮಗು ಇರೋದು, ಹಿಂಬಾಲಿಸೋದು. ಅಷ್ಟು ಹೌದು ಬಂದರೆ ಪೊಲೀಸರೇ ಸಹಾಯವಾಣಿಗೆ ಫೋನ್ ಹಚ್ಚಿ ಪೆಟ್ಟು ತಿಂದವರ ಕೈಗೆ ಕೊಡ್ತಾರೆ. ನಂಬರ್ ಕೊಟ್ಟು ‘ಆಮೇಲೆ ಮಾಡಿ’ ಅನ್ನೋದಕ್ಕೂ ಇದಕ್ಕೂ ಬಹಳ ಅಂತರ. ಬಿಟ್ಟು ಹೊರಟ ಹೊತ್ತು ಎಲ್ಲಕ್ಕಿಂತ ಅಪಾಯದ್ದು, ಆಗ ಜೊತೆಗೆ ಯಾರಾದರೂ ಬೇಕು.

ರಾತ್ರಿಪಾಳಿ:
ಪಟ್ಟಿಯ ಬಗ್ಗೆ ನನ್ನ ತಕರಾರಿದೆ. ಬ್ರಿಟನ್ನಿನಲ್ಲಿ 2009ರಿಂದ ಬಳಸಿದ ಡ್ಯಾಶ್ ಪಟ್ಟಿಯಲ್ಲಿ 27 ಪ್ರಶ್ನೆ. ಪಾಳಿ ಮುಗಿಯೋ ಹೊತ್ತಲ್ಲಿ ಅಷ್ಟನ್ನೂ ಒಂದೇ ಉಸಿರಿಗೆ ಓದಿದರೆ ಎಲ್ಲಕ್ಕೂ ‘ಇಲ್ಲ’ ಬರುತ್ತೆ. ಎಣಿಕೆ ಕಡಿಮೆ, ಅಪಾಯ ಕಡಿಮೆ ಅಂತ ಬರೆದು ಮುಗಿಸ್ತಾರೆ.

ಸಾಂತ್ವನದನಿ:
ಅದು ಪಟ್ಟಿಯ ತಪ್ಪಲ್ಲ, ಓದೋರದ್ದು. ಅಂಕ ಕಡಿಮೆ ಬಂದರೂ ‘ನನಗೆ ಸರಿ ಕಾಣ್ತಿಲ್ಲ’ ಅಂತ ಅಪಾಯದ ಮಟ್ಟ ಏರಿಸೋ ಅಧಿಕಾರ ಅಲ್ಲಿ ಹೋದವರಿಗೆ ಇದೆ. ಇಳಿಸೋದು ಮಾತ್ರ ಮಾಡಬಾರದು.

ಕಾನೂನುಕೋಣೆ:
ಹೊಡೆತ ಇಲ್ಲದ ಹಿಂಸೆಯನ್ನೂ ಮರೀಬೇಡಿ. ದುಡ್ಡು ಕೈಗೆ ಕೊಡದಿರೋದು, ಫೋನ್ ಪರೀಕ್ಷಿಸೋದು, ನಂಟರಿಂದ ದೂರ ಮಾಡೋದು. ಇಂಗ್ಲೆಂಡ್, ವೇಲ್ಸ್‌ನಲ್ಲಿ 2015ರ ಡಿಸೆಂಬರ್ 29ರಿಂದ ಇಂಥ ಹಿಡಿತವೇ ಅಪರಾಧ. ಕಾನೂನು ಬಂದ ಮಾತ್ರಕ್ಕೆ ಠಾಣೆ ಬದಲಾಗಲಿಲ್ಲ. ಅಲ್ಲಿ ಇಡೀ ಪಡೆಗೆ ತರಬೇತಿ ಕೊಟ್ಟ ಕಡೆಗಳಲ್ಲಿ ಈ ಅಪರಾಧಕ್ಕೆ ಬಂಧನ ಶೇ. 41ರಷ್ಟು ಏರಿತು ಅಂತ 2021ರ ಅಧ್ಯಯನ ಇದೆ. ಒಂದು ಘಟನೆಯನ್ನಲ್ಲ, ಸರಣಿಯನ್ನ ಬರೆಯೋದು ಕಲಿಸಬೇಕು.

ಹೊಸಬ_22:
ಮಹಿಳಾ ಠಾಣೆಗಳಿಗೇ ಇದನ್ನೆಲ್ಲ ವಹಿಸಿದರೆ ಸಾಲದಾ?

ಅಂಕಿಅಂಶ:
ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 1985ರಲ್ಲೇ ಮಹಿಳಾ ಪೊಲೀಸ್ ಠಾಣೆ ತೆರೆದರು. ದೂರು ಕೊಡೋಕೆ ಧೈರ್ಯ ಬರುತ್ತೆ, ನಿಜ. ಆದರೆ ಮಧ್ಯರಾತ್ರಿ ಬಾಗಿಲಿಗೆ ಹೋಗೋದು ಹತ್ತಿರದ ಗಸ್ತಿನವರು. ಹೆಂಗಸು ಅಂದಮಾತ್ರಕ್ಕೆ ಕತ್ತಿನ ಬಗ್ಗೆ ಕೇಳೋಕೆ ಹುಟ್ಟಿನಿಂದ ಬರಲ್ಲ. ಪೆಟ್ಟು ತಿಂದವರು ಗಂಡಸಾದರೆ ನಕ್ಕು ಕಳಿಸೋದೂ ತರಬೇತಿಯಲ್ಲೇ ನಿಲ್ಲಬೇಕು, ಪ್ರಶ್ನೆಗಳು ಅವೇ.

ತರಬೇತಿಕೊಠಡಿ:
ಎಲ್ಲರಿಗೂ ಧನ್ಯವಾದ. ಪಠ್ಯ ಮುರಿದು ಕಟ್ಟಿದ್ದೀನಿ. ಕಾನೂನು 2 ಗಂಟೆ, ಕಂಟ್ರೋಲ್ ರೂಮ್ ಅರ್ಧ ಗಂಟೆ, ಬಾಗಿಲು ಮತ್ತು ಬೇರ್ಪಡಿಸೋದು 3, ಕತ್ತು, ಗಾಯ, ಫೋಟೋ ಎರಡೂವರೆ, ಪ್ರಶ್ನೆ ಮತ್ತು ಅಪಾಯದ ಅಂದಾಜು 2, ವರದಿ ಬರೆಯೋದು 2, ಉಳಿದ 4 ಗಂಟೆ ಅಣಕು ಪ್ರಸಂಗ. ಅತಿಥಿ ಭಾಷಣ ಪೂರ್ತಿ ತೆಗೆದೆ.

ಪ್ರಸಂಗ: ಪಾತ್ರಧಾರಿ ಕತ್ತಿಗೆ ಶಾಲು ಸುತ್ತಿಕೊಂಡು ಕೂತಿರ್ತಾರೆ, ಶಾಲಿನ ಕೆಳಗೆ ಕೆಂಪು ಬಣ್ಣದಲ್ಲಿ ಬೆರಳಿನ ಗುರುತು. 24 ಜನ, ಇಬ್ಬಿಬ್ಬರಂತೆ 12 ಜೋಡಿ. ಒಂದು ಜೋಡಿಗೆ 12 ನಿಮಿಷ ಆಟ, 20 ನಿಮಿಷ ವಿಮರ್ಶೆ.

ರಾತ್ರಿಪಾಳಿ:
ಲೆಕ್ಕ ತಪ್ಪಿದೆ. 32 ನಿಮಿಷಕ್ಕೆ 12 ಜೋಡಿ ಅಂದರೆ ಆರು ಗಂಟೆ ದಾಟುತ್ತೆ. ಎರಡು ಕೋಣೆ, ಎರಡು ಜೊತೆ ಪಾತ್ರಧಾರಿಗಳು ಬೇಕು. ಆಗ 3 ಗಂಟೆ 12 ನಿಮಿಷ. ವಿಮರ್ಶೆ ಕಡಿಮೆ ಮಾಡಿ ಸರಿದೂಗಿಸಬೇಡಿ, ಕಲಿಯೋದು ಅಲ್ಲೇ.

ಕಂಟ್ರೋಲ್‌ರೂಮ್:
ಬಾಡಿ ಕ್ಯಾಮೆರಾ ಇದ್ದರೆ ಗಾಡಿ ಇಳಿಯುವಾಗಲೇ ಒತ್ತೋ ಅಭ್ಯಾಸ ಇದರಲ್ಲೇ ಮಾಡಿಸಿ. ಬಾಗಿಲು ತೆಗೆದ ಮೇಲೆ ಒತ್ತಿದರೆ ಮೊದಲ ಮಾತು ಹೋಗಿರುತ್ತೆ. ಹಿಂದಿನ ಅರ್ಧ ನಿಮಿಷ ತಾನೇ ಉಳಿಸಿಕೊಳ್ಳೋ ಕ್ಯಾಮೆರಾಗಳಲ್ಲೂ ಆ ಭಾಗಕ್ಕೆ ಹೆಚ್ಚಾಗಿ ಧ್ವನಿ ಇರಲ್ಲ.

ಹಳೇಟೋಪಿ:
ರಾಜಿ ವಿಷಯದಲ್ಲಿ ನನ್ನ ಮಾತು ಪೂರ್ತಿ ಬಿಟ್ಟುಕೊಡಲ್ಲ. ಆದರೆ ಕತ್ತಿನ ವಿಚಾರ ಹಳಬರಿಗೂ ಹೇಳಿಕೊಡಿ, ಬರೀ ಹೊಸಬರಿಗಲ್ಲ. ತರಬೇತಿ ಆಗಿ ಮೂರು ತಿಂಗಳಿಗೆ ಅವರ ವರದಿಗಳನ್ನ ತೆಗೆದು ಓದಿ, ಫೀಡ್‌ಬ್ಯಾಕ್ ಫಾರಂ ನಂಬಬೇಡಿ.

ವಿಧಿವಿಜ್ಞಾನ_ಓದುಗ:
@ತರಬೇತಿಕೊಠಡಿ, ಆ ಕೆಂಪು ಬಣ್ಣ ಹಚ್ಚಬೇಡಿ. ಗುರುತು ಹುಡುಕಿದರೆ ಸಾಕು ಅಂತ ಕಲಿತುಬಿಡ್ತಾರೆ, ಅರ್ಧದಷ್ಟು ಪ್ರಕರಣಗಳಲ್ಲಿ ಗುರುತೇ ಇರಲ್ಲ. ಶಾಲೂ ಬೇಡ. ಕತ್ತು ಖಾಲಿ ಇರಲಿ. ಪಾತ್ರಧಾರಿ ಧ್ವನಿ ಮಾತ್ರ ಗೊಗ್ಗರು ಮಾಡಿಕೊಂಡು, ನಡುನಡುವೆ ಕಷ್ಟಪಟ್ಟು ಉಗುಳು ನುಂಗಲಿ, ‘ಕತ್ತು ಹಿಡಿದು ದಬ್ಬಿದ’ ಅಂತ ಒಂದೇ ಸಲ ಹೇಳಲಿ.

ತರಬೇತಿಕೊಠಡಿ:
ಬಣ್ಣ, ಶಾಲು ಎರಡನ್ನೂ ತೆಗೆದೆ. ಒಂದೇ ಸಲ, ಅದೂ ಮಾತಿನ ಮಧ್ಯದಲ್ಲಿ, ಇನ್ನೊಬ್ಬರು ಪಕ್ಕದ ಕೋಣೆಯಿಂದ ಜೋರಾಗಿ ಕೂಗಾಡ್ತಿರುವಾಗ ಹೇಳಬೇಕು ಅಂತ ಬರೆದುಕೊಂಡಿದ್ದೀನಿ.